ಸುಗಲಾಬಾಯಿಗೆ ಓದಿ ಹೇಳಬೇಕಾದ ಪತ್ರ

ಸೋಲಾಪುರ
ಜೂನ್ ೩, ೨೦೨೪

ತಂಗಿ ಶೀತಲ,

ಫೋನ್ ಎತ್ತಬಾರದೆಂದು ನಿನ್ನ ಹಟ. ನನ್ನ ನಂಬರನ್ನೇ ಬಂದ್ ಮಾಡಿ ಇಟ್ಟಿದ್ದೀಯ ಎಂದು ಅವ್ವ ಹೇಳಿದಳು. ಹೋದ ವಾರ ಅಕ್ಕಲಕೋಟಕ್ಕೆ ಬಂದು ನಿಮ್ಮ ಬಾಗಿಲಲ್ಲಿ ನಿಂತರೆ ನಿನ್ನ ಅತ್ತೆ ಸುಗಲಾಬಾಯಿ ಒಂದು ತಂಬಿಗೆ ನೀರು ಕೊಟ್ಟು, "ಆಕಿ ಮಲಗ್ಯಾಳ, ಎಬ್ಬಸೂದಿಲ್ಲ" ಎಂದರು. ಒಳಗೆ ನೀನು ಭಾಂಡೆ ತೊಳೆಯುವ ಸದ್ದು ನನಗೆ ಕೇಳುತ್ತಿತ್ತು. ನೀರು ಕುಡಿದು ತಿರುಗಿ ಎಸ್‌ಟಿ ಬಸ್ಸು ಹತ್ತಿದೆ.

ಹೋಗಲಿ, ಕಾಗದವನ್ನಾದರೂ ಓದು. ಆ ಮನೆಯಲ್ಲಿ ಕನ್ನಡ ಓದಲು ಬರುವುದು ನಿನಗೊಬ್ಬಳಿಗೇ. ಅತ್ತೆಗೆ ಅಕ್ಷರ ಬಾರದು, ನಿನ್ನ ಗಂಡ ಲಕ್ಷ್ಮೀಕಾಂತ ಕಲಿತದ್ದು ಮರಾಠಿ ಸಾಲೆಯಲ್ಲಿ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಿನಗೆ ಐದು ತಿಂಗಳಂತೆ. ಮೂರನೆಯವರಿಂದ ಕೇಳಬೇಕಾಯಿತು. ಸಂತೋಷಪಡುವ ಮೊದಲೇ ಎದೆ ಒಡೆದುಹೋಯಿತು ನನಗೆ. ಶೀತಲ, ಈ ಕೂಸು ಸೋಲಾಪುರದಲ್ಲಿ ಹುಟ್ಟಲಿ. ಹುಟ್ಟಿದ ಮೇಲೆ ಏಳು ದಿನ ದವಾಖಾನೆಯಲ್ಲೇ ಇರಲಿ. ದಿನಕ್ಕೆರಡು ಸಲ ಅದರ ಕಾಮಾಲೆ ಅಳೆಯಲಿ. ಇಷ್ಟೇ ಕೇಳುತ್ತೇನೆ. ಇನ್ನೊಂದು ಮಾತು: ಕೂಸಿಗೆ ಹಳೆಯ ಬಟ್ಟೆ, ಹಳೆಯ ಕಂಬಳಿ ಯಾವುದನ್ನೂ ಸುತ್ತಬೇಡಿರಿ. ಹೊಸ ನೂಲಿನ ಬಟ್ಟೆಯನ್ನು ನಾನೇ ಒಗೆದು ಕಳಿಸುತ್ತೇನೆ.

ದೊಡ್ಡವ ಅಮೋಗಸಿದ್ಧ ಹೇಗಿದ್ದಾನೆ? ಅವನ ಹೆಸರು ಬರೆಯುವಾಗ ಕೈ ನಿಲ್ಲುತ್ತದೆ.

ನಿನ್ನ ಅಕ್ಕ,
ಪ್ರಣಿತಾ


ಅಕ್ಕಲಕೋಟ
ಜೂನ್ ೨೧, ೨೦೨೪

ಪ್ರಣಿತಕ್ಕನಿಗೆ,

ಹೇಗಿದ್ದಾನೆ ಎಂದು ಕೇಳಿದ್ದೀಯ. ಎರಡು ವರ್ಷ ನಾಲ್ಕು ತಿಂಗಳು ತುಂಬಿದವು. ಕತ್ತು ನಿಂತಿಲ್ಲ. ಒಮ್ಮೊಮ್ಮೆ ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗುತ್ತದೆ, ಇಬ್ಬರು ಹಿಡಿದರೂ ಸಡಿಲಾಗುವುದಿಲ್ಲ. ಗಂಜಿ ಕುಡಿಸಲು ಮುಕ್ಕಾಲು ತಾಸು ಬೇಕು. ಕಿವಿ ಕೇಳುವುದಿಲ್ಲ. ನನ್ನ ದನಿ ಅವನಿಗೆ ಗೊತ್ತಿಲ್ಲ, ಆದರೂ ದಿನವಿಡೀ ಅವನ ಜೊತೆ ಮಾತಾಡುತ್ತೇನೆ. ಓಣಿಯವರು ನನಗೆ ಹುಚ್ಚು ಎನ್ನುತ್ತಾರೆ.

ನೀನು ಏನು ಹೇಳಿದ್ದೆ, ನೆನಪಿದೆಯೇ? ಕುಂಭಾರಿಯಲ್ಲಿ ನಮ್ಮ ತವರುಮನೆಯಲ್ಲೇ ಅವನನ್ನು ಹೆತ್ತೆ. ಮೂರನೇ ದಿನ ಕೂಸಿನ ಕಣ್ಣು ಅರಿಶಿನ ಹಚ್ಚಿದಂತಾಯಿತು. ಹಾಲು ಬಿಟ್ಟಿತು. ಅವ್ವ ಗಾಬರಿಯಾಗಿ ನಿನಗೆ ಫೋನ್ ಹಚ್ಚಿ ಫೋಟೋ ಕಳಿಸಿದಳು. ನಮ್ಮ ಮನೆಯಲ್ಲಿ ಕಾಮಾಲೆಯನ್ನೇ ಕಲಿತವಳು ಒಬ್ಬಳಿದ್ದಾಳೆ, ಬೇರೆ ಯಾರನ್ನು ಕೇಳಬೇಕು? ನೀನು ಹೇಳಿದೆ: "ಏನೂ ಆಗೂದಿಲ್ಲವ್ವಾ, ಎಲ್ಲಾ ಕೂಸಿಗೂ ಹಿಂಗ ಆಗ್ತದ. ಮುಂಜಾನಿ ಎಳಿ ಬಿಸಲಿಗಿ ಹಿಡೀರಿ." ಹಿಡಿದೆವು. ಎರಡು ದಿನ ಹಿಡಿದೆವು. ಐದನೇ ದಿನ ಪೂಜೆಗೆ ಕೂತಾಗ ಅವನು ಸಣ್ಣಗೆ ಚೀರಿ ಬಿಲ್ಲಾದ.

ಈಗ ಬಂದು ಏಳು ದಿನ ದವಾಖಾನೆಯಲ್ಲಿ ಇರು ಎನ್ನುತ್ತೀಯ. ಆಗ ಎಲ್ಲಿ ಹೋಗಿತ್ತು ಈ ಬುದ್ಧಿ?

ಹಳೆಯ ಕಂಬಳಿ ಯಾಕೆ ಬೇಡ? ಕುರಿ ಕಾಯುವವರ ಮನೆಯ ಕೂಸು ಐದನೇ ದಿನದ ಪೂಜೆಯವರೆಗೆ ಬೀರೋಬ ದೇವರ ಮುಂದೆ ಇಟ್ಟು ತಂದ ಹಿರಿಯರ ಕಂಬಳಿಯಲ್ಲೇ ಇರಬೇಕು, ಹೊಸ ಅರಿವೆ ತಾಕಬಾರದು ಎನ್ನುವುದು ನಿನಗೂ ಗೊತ್ತು. ಅಮೋಗ ಮಲಗಿದ್ದು ಅಜ್ಜನ ಕರಿ ಕಂಬಳಿಯಲ್ಲಿ. ಅದು ಅವನ ಜೊತೆಗೇ ಈ ಮನೆಗೆ ಬಂತು, ಅತ್ತೆಯ ಟ್ರಂಕಿನಲ್ಲಿದೆ. ಈ ಕೂಸಿಗೂ ಅದೇ. ಇಷ್ಟು ಓದಿದವಳು ಕಂಬಳಿಯ ಮೇಲೆ ಯಾಕೆ ಬಿದ್ದಿದ್ದೀಯ?

ಶೀತಲ


ಸೋಲಾಪುರ
ಜುಲೈ ೨, ೨೦೨೪

ಶೀತಲ,

ನೀನು ಬರೆದದ್ದೆಲ್ಲ ನಿಜ. ಅವ್ವನ ಫೋನ್ ಬಂದ ದಿನ ಲ್ಯಾಬಿನಲ್ಲಿ ಒಂದು ಪ್ರಯೋಗ ನಡೆದಿತ್ತು. ಇಲಿಮರಿಗಳನ್ನು ಗಂಟೆಗೊಮ್ಮೆ ನೋಡಿ ಬರೆದುಕೊಳ್ಳುತ್ತಿದ್ದೆ. ಇಲಿಮರಿ ಹಳದಿಯಾದರೆ ಗಂಟೆಗೊಮ್ಮೆ ಕಣ್ಣಿಂದ ನೋಡುವವಳು ನನ್ನ ತಂಗಿಯ ಮಗನನ್ನು ಫೋನಿನಲ್ಲಿ ನೋಡಿದೆ. ಉಗುಳು ನನಗೆ, ಉಗುಳಿಸಿಕೊಳ್ಳುತ್ತೇನೆ. ಈ ಕೂಸನ್ನು ಮಾತ್ರ ಉಳಿಸಿಕೋ.

ನನ್ನ ಕೆಲಸ ಏನೆಂದು ನೀನು ಎಂದೂ ಕೇಳಲಿಲ್ಲ, ನಾನೂ ತಿಳಿಯುವ ಹಾಗೆ ಹೇಳಲಿಲ್ಲ. ರಕ್ತ ಕೆಂಪಗಿರುವುದು ಹೀಮ್ ಎಂಬ ವಸ್ತುವಿನಿಂದ. ರಕ್ತದ ಕಣ ಹಳೆಯದಾಗಿ ಒಡೆದಾಗ ದೇಹ ಆ ಹೀಮನ್ನು ಮುರಿದು ಮೊದಲು ಹಸಿರು ಮಾಡುತ್ತದೆ, ಆಮೇಲೆ ಹಳದಿ. ಮೊಣಕಾಲಿಗೆ ಪೆಟ್ಟಾದರೆ ಕಪ್ಪಗಾಗಿ, ಹಸಿರಾಗಿ, ಹಳದಿಯಾಗಿ ಮಾಯುವುದಿಲ್ಲವೇ, ಅದೇ. ದೊಡ್ಡವರಲ್ಲಿ ಯಕೃತ್ತು ಆ ಹಳದಿಯನ್ನು ಹೊರಗೆ ಹಾಕುತ್ತದೆ. ಎಳೆ ಕೂಸಿನ ಯಕೃತ್ತಿಗೆ ಇನ್ನೂ ಅಷ್ಟು ಶಕ್ತಿ ಇರುವುದಿಲ್ಲ. ಸ್ವಲ್ಪ ಹಳದಿ ಎಲ್ಲ ಕೂಸಿಗೂ ಬರುತ್ತದೆ, ಹೋಗುತ್ತದೆ. ಆದರೆ ರಕ್ತ ಒಮ್ಮೆಲೇ ಒಡೆದರೆ ಹಳದಿ ಮಿದುಳಿಗೆ ಏರುತ್ತದೆ. ಒಮ್ಮೆ ಏರಿ ಕೂತರೆ ತೆಗೆಯಲು ಆಗುವುದಿಲ್ಲ. ಆ ಹೀಮ್ ಮುರಿಯುವುದನ್ನೇ ನಿಧಾನ ಮಾಡುವ ಔಷಧ ನನ್ನ ಕೆಲಸ. ಕೂಸುಗಳಿಗೆ ಕೊಡುವ ಹೊತ್ತಿಗೆ ಇನ್ನೂ ಹತ್ತು ವರ್ಷವಾದೀತು. ನಿನಗಿರುವುದು ಹನ್ನೆರಡು ವಾರ.

ಅಮೋಗನ ರಕ್ತ ತಪಾಸಣೆ ಮಾಡಿಸಿದ್ದೆನಲ್ಲ. ರಕ್ತದ ಕಣವನ್ನು ಗಟ್ಟಿ ಇಡುವ ಒಂದು ಕಿಣ್ವ ಅವನಲ್ಲಿ ಕಮ್ಮಿ. ಅದು ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಅವ್ವನಿಂದ ನಿನಗೆ, ನಿನ್ನಿಂದ ಅವನಿಗೆ. ಮುಂದಿನದೂ ಗಂಡಾದರೆ ಅರ್ಧಕ್ಕರ್ಧ ಸಾಧ್ಯತೆ.

ಕಂಬಳಿಯ ಮಾತು ಕೇಳಿದ್ದೀಯ. ಹಳೆಯ ಉಣ್ಣೆಯಲ್ಲಿ ಧೂಳು, ಹುಳ ಇರುತ್ತವೆ, ಅದಕ್ಕೆ. ಇದಕ್ಕಿಂತ ಹೆಚ್ಚು ಕೇಳಬೇಡ. ಅಕ್ಕ ಹೇಳಿದಳೆಂದು ನಂಬು.

ಪ್ರಣಿತಾ


ಅಕ್ಕಲಕೋಟ
ಆಗಸ್ಟ್ ೯, ೨೦೨೪

ಅಕ್ಕಾ,

ಇನ್ನು ಬರೆಯಬೇಡ. ಬರೆದು ನನ್ನ ಸಂಸಾರ ಕೆಡಿಸಿದೆ.

ನಿನ್ನ ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಅತ್ತೆಯ ಕೈಗೆ ಸಿಕ್ಕಿತು. ಓದಲು ಬಾರದಿದ್ದರೇನು, ಮುಚ್ಚಿಟ್ಟಿದ್ದಾಳೆ ಎಂದರೆ ಏನೋ ಇದೆ ಎಂದು ತಿಳಿಯದೇ? ನಮ್ಮ ಓಣಿಯಲ್ಲಿ ಶಾಂತಲಿಂಗಪ್ಪ ಮಾಸ್ತರರಿದ್ದಾರೆ, ಕನ್ನಡ ಸಾಲೆಯಿಂದ ನಿವೃತ್ತರಾದವರು. ಅವರನ್ನು ಕರೆಸಿ ಅಂಗಳದಲ್ಲಿ ಕುರ್ಚಿ ಹಾಕಿ ಓದಿಸಿದರು. ಮಾಸ್ತರರ ಕಿವಿ ಮಂದ, ಜೋರಾಗಿ ಓದುತ್ತಾರೆ. ಅಕ್ಕಪಕ್ಕದ ಮೂರು ಮನೆಗೆ ಕೇಳಿಸಿತು. ಹೀಮ್ ಎಲ್ಲ ಯಾರಿಗೂ ತಿಳಿಯಲಿಲ್ಲ. "ಅವ್ವನಿಂದ ನಿನಗೆ, ನಿನ್ನಿಂದ ಅವನಿಗೆ" ಎನ್ನುವುದು ಎಲ್ಲರಿಗೂ ತಿಳಿಯಿತು.

"ಎರಡ ವರ್ಷ ನಾ ದೇವರಿಗಿ ಬೈದೆ," ಎಂದರು ಅತ್ತೆ. "ರಕ್ತಾನೇ ಹೊಲಸ ಇತ್ತಂದ್ರ ದೇವರರೇ ಏನ ಮಾಡ್ಯಾನು?" ಆ ದಿನದಿಂದ ನನ್ನ ಕೈಯ ನೀರು ಕುಡಿಯುವುದಿಲ್ಲ. ಇವರು ನಸುಕಿನಲ್ಲೇ ಕುರಿಯ ಹಿಂದೆ ಹೋದವರು ಕತ್ತಲಾದ ಮೇಲೆ ಬರುತ್ತಾರೆ. ಅದೇ ಹೆಚ್ಚು ಸುಡುತ್ತದೆ. ಇವರ ತಂಗಿಯನ್ನು ನೋಡಲು ಮಂದ್ರೂಪದ ಕಡೆಯಿಂದ ಗಂಡಿನವರು ಬರುವವರಿದ್ದಾರೆ. ಸೋಲಾಪುರದ ದವಾಖಾನೆಗೆ ಹೋದರೆ ರಕ್ತ ತೆಗೆಯುತ್ತಾರೆ, ಕಾಗದದಲ್ಲಿ ಬರೆಯುತ್ತಾರೆ, ಸುದ್ದಿ ಬೀಗರಿಗೆ ಮುಟ್ಟುತ್ತದೆ ಎಂದು ಅತ್ತೆಯ ಹೆದರಿಕೆ. ಇಲ್ಲೇ ಹೆತ್ತು ಮರುದಿನವೇ ಮನೆಗೆ ಬರಬೇಕು, ಐದು ದಿನ ಹೊಸ್ತಿಲು ದಾಟಬಾರದು ಎಂದು ತೀರ್ಮಾನವಾಯಿತು.

ಕಂಬಳಿಯನ್ನು ಅತ್ತೆ ಈಗಲೇ ತೆಗೆದು ಝಾಡಿಸಿ, ನುಸಿ ಹತ್ತಬಾರದೆಂದು ಹೊಸ ಡಾಂಬರ ಗುಳಿಗೆ ಹಾಕಿ ಮಡಿಚಿ ಇಟ್ಟಿದ್ದಾರೆ. ಹುಳ, ಧೂಳು ಎಂದೆಯಲ್ಲ, ಅದೂ ಇಲ್ಲ ಈಗ. ಇನ್ನಾದರೂ ನನ್ನನ್ನು ನನ್ನ ಪಾಡಿಗೆ ಬಿಡು.

ಶೀತಲ


ಸೋಲಾಪುರ
ಆಗಸ್ಟ್ ೧೪, ೨೦೨೪

ಸುಗಲಾಬಾಯಿ ಅತ್ತೆಯವರ ಪಾದಗಳಿಗೆ ಶೀತಲಳ ಅಕ್ಕ ಪ್ರಣಿತಾ ಮಾಡುವ ನಮಸ್ಕಾರಗಳು.

ಈ ಪತ್ರವನ್ನು ಓದುತ್ತಿರುವ ಶಾಂತಲಿಂಗಪ್ಪ ಮಾಸ್ತರರೇ, ನಿಮಗೂ ನಮಸ್ಕಾರ. ಒಂದು ಅಕ್ಷರವನ್ನೂ ಬಿಡದೆ, ಹೋದ ಸಲ ಓದಿದಷ್ಟೇ ಜೋರಾಗಿ ಓದಿರಿ. ಆ ಮೂರು ಮನೆಯವರಿಗೆ ಇದೂ ಕೇಳಲಿ.

ಅತ್ತೆಯವರೇ, ನಿಮ್ಮ ಮೊಮ್ಮಗ ಅಮೋಗಸಿದ್ಧನನ್ನು ಹೀಗೆ ಮಾಡಿದವಳು ನಿಮ್ಮ ಸೊಸೆಯಲ್ಲ. ನಾನು.

ಅವನು ಹುಟ್ಟುವ ಹಿಂದಿನ ದೀಪಾವಳಿಗೆ ಕುಂಭಾರಿಗೆ ಹೋಗಿದ್ದೆ. ಅವ್ವ ಅಜ್ಜನ ಕಂಬಳಿಯನ್ನು ಬಿಚ್ಚಿ ನುಸಿ ತಿಂದ ಎರಡು ತೂತು ತೋರಿಸಿದಳು. ಅವಳು ಯಾವಾಗಲೂ ಬೇವಿನ ಸೊಪ್ಪು ಹಾಕಿ ಇಡುವವಳು. ನಾನು ನಕ್ಕೆ. "ಬೇವಿನ ತಪ್ಪಲಿಗಿ ಯಾವ ನುಸಿ ಅಂಜತದವ್ವಾ" ಎಂದೆ. ಮರುದಿನ ಸೋಲಾಪುರದ ನವಿ ಪೇಠ ಬಜಾರಿಗೆ ಹೋಗಿ ಡಾಂಬರ ಗುಳಿಗೆ ತಂದೆ, ಆ ಬಿಳಿಯ, ಮೂಗಿಗೆ ಅಡರುವ ನ್ಯಾಫ್ತಲೀನ್ ಗುಳಿಗೆ. ನನ್ನ ಕೈಯಾರೆ ಮಡಿಕೆ ಮಡಿಕೆಗೆ ಇಟ್ಟೆ. ಮೂರು ತಿಂಗಳು ಆ ಕಂಬಳಿ ಅದರ ವಾಸನೆ ಕುಡಿಯಿತು. ಕೂಸು ಹುಟ್ಟಿದಾಗ ಎಣ್ಣೆ ಹಚ್ಚಿ, ತಿಕ್ಕಿ, ಅದರಲ್ಲೇ ಸುತ್ತಿದರು. ಎಣ್ಣೆ ಹಚ್ಚಿದ ಎಳೆ ಚರ್ಮ ಆ ವಿಷವನ್ನು ಇನ್ನೂ ಬೇಗ ಎಳೆದುಕೊಳ್ಳುತ್ತದೆ. ಮೂಗಿನಿಂದಲೂ ಒಳಗೆ ಹೋಗುತ್ತದೆ. ಕೊರತೆಯಿರುವ ಕೂಸಿನ ರಕ್ತ ಅದರಿಂದ ಒಡೆಯುತ್ತದೆ. ಹಾಗೆ ಒಡೆಯಿತು.

ಎರಡನೇ ದಿನ ಕೂಸನ್ನು ನೋಡಲು ನಾನು ಹೋಗಿದ್ದೆ. ಎತ್ತಿಕೊಂಡಾಗ ಗುಳಿಗೆಯ ವಾಸನೆ ಬಂತು. ಅವ್ವ ನನ್ನ ಮಾತು ಕೇಳಿದಳಲ್ಲ ಎಂದು ಖುಷಿಯಾಯಿತು. ಈ ವಿಷಯ ಪುಸ್ತಕದಲ್ಲಿ ಓದಿದವಳು ನಾನು. ನೆನಪಾಗಲಿಲ್ಲ. ಹೋದ ವರ್ಷ ತಪಾಸಣೆಯ ಕಾಗದ ಕೈಗೆ ಬಂದಾಗ ಎಲ್ಲ ಒಮ್ಮೆಲೇ ಹೊಳೆಯಿತು. ಅಂದಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ತಂಗಿಗೆ ಧೂಳು, ಹುಳ ಎಂದು ಸುಳ್ಳು ಹೇಳಿದೆ. ರಕ್ತದ್ದೇ ತಪ್ಪು ಎಂದು ಅವಳ ತಲೆಗೆ ಕಟ್ಟಿದೆ. ನನ್ನ ಹೆಸರು ಬರಬಾರದಿತ್ತು, ಅದಕ್ಕೆ.

ರಕ್ತ ಹೊಲಸಲ್ಲ ಅತ್ತೆಯವರೇ. ಅವ್ವನ ಅಣ್ಣ ಧರ್ಮರಾಜ ಮಾಮಾನನ್ನು ನೀವು ಬಲ್ಲಿರಿ. ಅರವತ್ತೆರಡು ವರ್ಷ, ಈಗಲೂ ಹೆಗಲ ಮೇಲೆ ಕುರಿ ಹೊತ್ತು ನಡೆಯುತ್ತಾನೆ. ಅವನ ರಕ್ತವನ್ನೂ ಪರೀಕ್ಷಿಸಿದೆ, ಅದೇ ಕೊರತೆ ಇದೆ. ಅವನು ಹುಟ್ಟಿದಾಗ ಕಂಬಳಿಯಲ್ಲಿ ಇದ್ದದ್ದು ಬೇವಿನ ಸೊಪ್ಪು. ಅಷ್ಟೇ ವ್ಯತ್ಯಾಸ.

ನಿಮ್ಮ ಟ್ರಂಕಿನಲ್ಲಿರುವ ಆ ಕಂಬಳಿಯನ್ನು ಕೂಸಿನ ಹತ್ತಿರ ತರಬೇಡಿರಿ. ಒಗೆದರೂ ಬೇಡ, ಬಿಸಿಲಿಗೆ ಹಾಕಿದರೂ ಬೇಡ. ಅದೇ ಟ್ರಂಕಿನ ಬೇರೆ ಅರಿವೆಯೂ ಬೇಡ. ಮೈಮೇಲೆ ಉಟ್ಟು ಹಳೆಯದಾದ ನಿಮ್ಮದೊಂದು ಲುಗಡೆ ಸೀರೆ ಕುದಿಸಿ ಒಣಗಿಸಿ ಸುತ್ತಿರಿ, ಹಿರಿಯರ ಅರಿವೆಯೂ ಆಯಿತು. ಮೊದಲ ಐದು ದಿನ ಕಣ್ಣು, ಅಂಗಾಲು ನೋಡಿರಿ. ಹಳದಿ ಕಂಡರೆ ಐದನೇ ದಿನಕ್ಕೆ ಕಾಯಬೇಡಿರಿ, ಬಿಸಿಲಿಗೆ ಹಿಡಿಯಬೇಡಿರಿ, ಸೋಲಾಪುರಕ್ಕೆ ತನ್ನಿರಿ. ಡಾಕ್ಟರರಿಗೆ ತೋರಿಸಲು ಮರಾಠಿಯಲ್ಲಿ ಬರೆದ ಚೀಟಿಯನ್ನು ಇದರಲ್ಲೇ ಇಟ್ಟಿದ್ದೇನೆ.

ನನ್ನನ್ನು ನಿಮ್ಮ ಹೊಸ್ತಿಲು ತುಳಿಯಗೊಡಬೇಡಿರಿ, ಸರಿ. ಶೀತಲಳ ಕೈಯ ನೀರು ಕುಡಿಯಿರಿ.

ಪ್ರಣಿತಾ


ಸೋಲಾಪುರ
ಸೆಪ್ಟೆಂಬರ್ ೧೨, ೨೦೨೪

ಶೀತಲ,

ನಾಲ್ಕು ವಾರವಾಯಿತು. ಪತ್ರ ಮುಟ್ಟಿತೋ, ಒಲೆಗೆ ಹೋಯಿತೋ, ಮಾಸ್ತರರು ಓದಿದರೋ, ಏನೂ ತಿಳಿಯದು. ಒಂದು ಸಾಲು ಬರೆ. ಬೈದಾದರೂ ಬರೆ. ಖಾಲಿ ಕಾರ್ಡು ಹಾಕು, ನಿನ್ನ ಕೈಯಿಂದ ಬಂತು ಎಂದಾದರೂ ತಿಳಿಯಲಿ.

ಅವ್ವನಿಗೆ ನಾನೇ ಹೋಗಿ ಹೇಳಿದೆ. ನಿಮ್ಮ ಓಣಿಯಿಂದ ಸುದ್ದಿ ಬರುವ ಮೊದಲು ನನ್ನ ಬಾಯಿಂದ ಬರಲಿ ಎಂದು. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು. "ಕೂಸಿಗಿ ತಿಕ್ಕಿ ಎರದಾಕಿ ನಾನು," ಎಂದಳು. "ನಂದೇ ಕೈ ಜ್ವಾರ ಆಗಿ ನರ ಜಗ್ಗಿದ್ವೇನೋ ಅಂತ ಎರಡ ವರ್ಷ ಈ ಕೈ ನೋಡ್ಕೋತ ಕುಂತೀನಲ್ಲವ್ವಾ. ನಿನಗ ಗೊತ್ತಿತ್ತು, ಹೇಳಲಿಲ್ಲ." ಆಮೇಲೆ ತವಾದ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಡಿತು, ಇಬ್ಬರೂ ಅದನ್ನು ತೆಗೆಯಲಿಲ್ಲ. ಅಂದಿನಿಂದ ನನ್ನೊಡನೆ ಮಾತಿಲ್ಲ.

ಲ್ಯಾಬಿನಲ್ಲಿ ಮೊನ್ನೆ ಎರಡು ಸಲ ತಪ್ಪು ಅಳತೆ ತೆಗೆದೆ. ರಜೆ ಹಾಕು ಎಂದರು. ರಜೆ ಹಾಕಿ ಎಲ್ಲಿ ಹೋಗಲಿ? ಅಕ್ಕಲಕೋಟದ ಸ್ಟ್ಯಾಂಡಿನವರೆಗೆ ಬಂದು ಎರಡು ಸಲ ಹಿಂದಿರುಗಿದ್ದೇನೆ. ನಾನು ಬಾಗಿಲಿಗೆ ಬಂದರೆ ಅತ್ತೆ ಸಿಟ್ಟಿಗೆದ್ದು ಮತ್ತೆ ಆ ಟ್ರಂಕು ತೆಗೆದಾರು ಎಂದು ಭಯ. ಕೂಸಿಗೆ ನನ್ನಿಂದ ಇನ್ನೊಂದು ಕೇಡಾದರೆ ನಾನು ಬದುಕಲಾರೆ. ಬರೆಯುವುದನ್ನು ಬಿಟ್ಟು ನನಗೆ ದಾರಿಯಿಲ್ಲ.

ತಿಂಗಳು ತುಂಬಿದೆಯಲ್ಲ. ಹಳದಿ ಕಂಡರೆ ಎತ್ತಿಕೊಂಡು ಓಡಿ ಬಾ. ಯಾರು ಬೇಡವೆಂದರೂ ಬಾ. ನಿನ್ನ ಕಾಲಿಗೆ ಬೀಳುತ್ತೇನೆ.

ಪ್ರಣಿತಾ


ಅಕ್ಕಲಕೋಟ
ಅಕ್ಟೋಬರ್ ೬, ೨೦೨೪

ಅಕ್ಕಾ,

ಗಂಡು ಹುಟ್ಟಿತು. ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ. ಬದುಕಿದ್ದಾನೆ. ಇದನ್ನು ಮೊದಲು ಬರೆದೆ, ಇನ್ನು ಕೂತು ಓದು.

ನಿನ್ನ ಪತ್ರ ಬಂದ ದಿನವೇ ಓದಿಸಿದರು. ಮಾಸ್ತರರು "ಹೀಗೆ ಮಾಡಿದವಳು ನಿಮ್ಮ ಸೊಸೆಯಲ್ಲ" ಎನ್ನುವವರೆಗೆ ಓದಿ ನಿಲ್ಲಿಸಿ, "ಮುಂದ ಓದಲೇನವ್ವಾ?" ಎಂದು ಕೇಳಿದರು. "ಪೂರ್ತಿ ಓದ್ರಿ," ಎಂದರು ಅತ್ತೆ. ಮುಗಿದ ಮೇಲೆ ಎದ್ದು ಒಳಗೆ ಹೋಗಿ ಟ್ರಂಕು ತೆಗೆದರು. ಗುಳಿಗೆಗಳು ಕಂಬಳಿಯ ಮೇಲೆ ಬೆಳ್ಳಗೆ ಕೂತಿದ್ದವು. "ನಾನೂ ಹಾಕೀನಲ್ಲ," ಎಂದು ನೆಲದ ಮೇಲೆ ಕುಸಿದರು. ನಾನು ನೀರು ತಂದುಕೊಟ್ಟೆ. ಕುಡಿದರು.

ನಿನಗೆ ಬರೆಯಬಹುದಿತ್ತು. ಬರೆಯಲಿಲ್ಲ. ಏಳು ವಾರ ನೀನು ನರಳಿದ್ದು ಗೊತ್ತಿತ್ತು. ನರಳಲಿ ಎಂದೇ ಬಿಟ್ಟೆ.

ಕೂಸನ್ನು ಅತ್ತೆಯ ಕುದಿಸಿದ ಲುಗಡೆಯಲ್ಲೇ ಸುತ್ತಿದೆವು. ಆದರೂ ಮೂರನೇ ದಿನ ಮುಂಜಾನೆ ಕಣ್ಣು ಹಳದಿಯಾಯಿತು. ಬಾಣಂತಿ ಹೊಸ್ತಿಲು ದಾಟಬಾರದು ಎಂದು ನೆರೆಯವರು ಬಂದು ನಿಂತರು. ಅತ್ತೆ ಲಕ್ಷ್ಮೀಕಾಂತರಿಗೆ ಜೀಪು ತರಲು ಹೇಳಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಪೂಜಿ ಆಮ್ಯಾಲ. ನಡಿ." ಸೋಲಾಪುರದ ದವಾಖಾನೆಯಲ್ಲಿ ಜನವೋ ಜನ. ಸರದಿಯವರನ್ನೆಲ್ಲ ಸರಿಸಿ, ನಿನ್ನ ಚೀಟಿ ಮುಂದೆ ಹಿಡಿದು, ತಮಗೆ ಬರುವ ಅರ್ಧಮರ್ಧ ಮರಾಠಿಯಲ್ಲಿ ಕೂಗಿ ಹೇಳಿದರು: ನಮ್ಮ ಮನೆಯ ಕೂಸಿನ ರಕ್ತದಲ್ಲಿ ಒಂದು ಕೊರತೆ ಇರಬಹುದು, ಈಗಲೇ ನೋಡಿರಿ, ಬರೆದುಕೊಳ್ಳಿರಿ. ಅಲ್ಲಿ ನಮ್ಮ ಕಡೆಯ ಜನವೂ ಇದ್ದರು. ಮುಂದಿನ ಮಂಗಳವಾರ ಬರಬೇಕಿದ್ದ ಮಂದ್ರೂಪದವರು ಬರಲಿಲ್ಲ. ಅತ್ತೆ ಅದರ ಮಾತೇ ಎತ್ತಿಲ್ಲ.

ಹೋದಾಗ ಕಾಮಾಲೆಯ ಅಳತೆ ಹತ್ತೊಂಬತ್ತು ಇತ್ತು. ಏರಿದರೆ ರಕ್ತ ಬದಲಿಸಬೇಕು ಎಂದರು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಮಲಗಿಸಿದರು. ಮರುದಿನ ಹದಿನೇಳು, ಅದರ ಮರುದಿನ ಹದಿಮೂರು. ಅಮೋಗನಿಗಿದ್ದ ಕೊರತೆ ಇವನಿಗೂ ಇದೆಯಂತೆ. ನಾಲ್ಕನೇ ದಿನ ನರ್ಸ್ ಕೈಯಿಂದ ಸ್ಟೀಲಿನ ತಾಟು ಬಿದ್ದಾಗ ಕೂಸು ಎರಡೂ ಕೈ ಎತ್ತಿ ಬೆಚ್ಚಿತು. ನಾನು ಗೋಳೋ ಎಂದು ಅತ್ತೆ. ಎಲ್ಲರೂ ಸಂತೋಷಕ್ಕೆ ಎಂದುಕೊಂಡರು. ಕೂಸು ಹೀಗೆ ಬೆಚ್ಚಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ ಅಕ್ಕಾ. ಅಮೋಗ ಒಂದು ದಿನವೂ ಬೆಚ್ಚಿರಲಿಲ್ಲ.

ಏಳು ದಿನ ಸೋಲಾಪುರದಲ್ಲಿದ್ದೆ. ನಿನ್ನ ಲ್ಯಾಬಿನಿಂದ ಎರಡು ರಸ್ತೆ ಆಚೆ. ನಿನಗೆ ಹೇಳಬೇಡವೆಂದು ಅವ್ವನಿಗೂ ಆಣೆ ಹಾಕಿದ್ದೆ. ಅವ್ವ ದಿನಾ ಬುತ್ತಿ ತಂದಳು.

ದೀಪದ ಹತ್ತಿರ ಕೂತು ಕೂತು ಒಂದು ದಿನ ನರ್ಸಿಗೆ ಕೇಳಿದೆ, ಇದು ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು. "ನಾ ಬಂದು ಏಳ ವರ್ಷಾತವ್ವಾ, ಆಗಿಂದಲೂ ಅದ," ಎಂದಳು. ಕುಂಭಾರಿಯಿಂದ ಇಲ್ಲಿಗೆ ಅರ್ಧ ತಾಸು. ನಾವು ಎರಡು ದಿನ ಅಮೋಗನನ್ನು ಬಿಸಿಲಿಗೆ ಹಿಡಿದು ಕೂತಿದ್ದೆವು.

ಡಾಂಬರ ಗುಳಿಗೆಯನ್ನು ನಾನು ಒಂದು ದಿನ ಮರೆತರೂ ಮರೆತೇನು. ಅದು ವಿಷವಾಗುತ್ತದೆ ಎಂದು ಆ ಹೊತ್ತಿಗೆ ನಿನಗೆ ಹೊಳೆಯಲಿಲ್ಲ. ಆದರೆ ಈ ದೀಪ ಇಲ್ಲಿ ಇದೆ ಎಂದು ಆಗಲೂ ನಿನಗೆ ಗೊತ್ತಿತ್ತು.

ಶೀತಲ